ಬಟ್ಟೆ ಒಗೆಯುವ ಶನಿವಾರ

"ಅಮೆರಿಕಕ್ಕೆ ಬಂದ ಮೇಲೆ ನೀನು ಸೋಪಿನ ನೀರು ಮುಟ್ಟಬೇಕಾಗಿಲ್ಲ. ಮಿಷಿನ್ನು ತಂದುಕೊಡ್ತೀನಿ" ಎಂದು ಇಂದುವಿಗೆ ನಾನು ಮಾತು ಕೊಟ್ಟದ್ದು ೧೯೭೮ರಲ್ಲಿ, ಮದುವೆಯಾದ ವಾರ, ಮೈಸೂರಿನ ಅವರ ಮನೆಯ ಹಿತ್ತಲಿನಲ್ಲಿ. ಸೋಪು ತಾಗಿದರೆ ಅವಳ ಬೆರಳ ಸಂದುಗಳು ಬಿರಿಯುತ್ತವೆ. ಒಗೆಯುವ ಕಲ್ಲಿನ ಪಕ್ಕ ನಿಂತು ಅವತ್ತು ಕೈ ತೋರಿಸಿದ್ದಳು.

ಏಳು ವರ್ಷ ಮಿಷಿನ್ನಿಡಲು ಜಾಗವಿಲ್ಲದ ಅಪಾರ್ಟ್‌ಮೆಂಟುಗಳಲ್ಲೇ ಕಳೆಯಿತು. ಈ ಮಾರ್ಚಿನಲ್ಲಿ ಫ್ರೀಮಾಂಟಿನಲ್ಲಿ ಗ್ಯಾರೇಜಿರುವ ಬಾಡಿಗೆ ಮನೆ ಸಿಕ್ಕಿತು. ಮಿಷಿನ್ನು ಬುಕ್ ಮಾಡಿದೆ. ಎರಡು ವಾರದಲ್ಲಿ ತಲುಪಿಸುತ್ತೇವೆ ಎಂದರು.

ಅಲ್ಲಿಯವರೆಗೆ ಎಂದಿನಂತೆ ಕಾಸು ಹಾಕಿ ಬಟ್ಟೆ ಒಗೆಯುವ ಲಾಂಡ್ರೊಮ್ಯಾಟೇ ಗತಿ. ಶನಿವಾರ ಇಂದುವಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಡ್ಯೂಟಿ. ಬಟ್ಟೆಯ ಗಂಟು, ನಾಲ್ಕು ವರ್ಷದ ಮಗಳು ವಸುಧಾ, ಎರಡೂ ನನ್ನ ಪಾಲಿಗೆ. ಆದರೆ ಇಂದುವಿನ ಬಿಳಿ ಯೂನಿಫಾರ್ಮು ದಿನಾ ಒಗೆಯಬೇಕು. ಅದನ್ನವಳು ಕೆಲಸದಿಂದ ಬಂದೊಡನೆ ಬಾತ್‌ಟಬ್ಬಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೈಯಲ್ಲೇ ಒಗೆಯುತ್ತಿದ್ದಳು. ಗ್ಲೌಸು ಹಾಕಿಕೊಂಡರೂ ಬೆವರಿಗೆ ಉರಿಯುತ್ತಿತ್ತು.

ಲಾಂಡ್ರೊಮ್ಯಾಟಿನಲ್ಲಿ ನಾನು ಆಫೀಸಿನ ಪ್ರಿಂಟೌಟು ತೊಡೆಯ ಮೇಲಿಟ್ಟುಕೊಂಡು, ವಸುವಿಗೆ ಒಣದ್ರಾಕ್ಷಿ ಕೊಟ್ಟು ಕೂರಿಸುತ್ತಿದ್ದೆ. ಮಿಷಿನ್ನು ಬುಕ್ ಮಾಡಿದ ವಾರದ ಶನಿವಾರ ಅವಳು ನನ್ನ ಮೊಣಕೈ ಜಗ್ಗಿದಳು.

"ಅಪ್ಪಾ, ಲುಕ್. ಯುವರ್ ಶರ್ಟ್ ಈಸ್ ಹೋಲ್ಡಿಂಗ್ ಮೈ ಫ್ರಾಕ್."

ಎದುರಿನ ಮಿಷಿನ್ನಿನ ಗಾಜಿನ ಬಾಗಿಲೊಳಗೆ ನನ್ನ ನೀಲಿ ಶರ್ಟಿನ ತೋಳು ಅವಳ ಹಳದಿ ಫ್ರಾಕನ್ನು ಬಳಸಿತ್ತು. ಎರಡೂ ಜೊತೆಯಾಗಿ ಮೇಲೇರಿ ದೊಪ್ಪನೆ ಬೀಳುತ್ತಿದ್ದವು.

"ಅಮ್ಮನ ಸೀರೆ ಎಲ್ಲಮ್ಮ?"

"ಅಮ್ಮಂದು ಸ್ಲೀಪಿಂಗ್. ಕೆಳಗೆ."

ಡ್ರೈಯರಿನಿಂದ ತೆಗೆದ ಬಿಸಿ ಟವೆಲ್ಲನ್ನು ನನ್ನ ತಲೆಯ ಮೇಲೆ ಹೊದಿಸಿ, "ನೌ ಯು ಆರ್ ಇಡ್ಲಿ" ಎಂದಳು. ಬಟ್ಟೆಯೊಳಗೆ ಕಣ್ಣು ಮುಚ್ಚಿ ಬೇಯುತ್ತ ಕೂತೆ. "ಆಯ್ತಾ?" ಎಂದರೆ "ನಾಟ್ ಯೆಟ್" ಎನ್ನುತ್ತಿದ್ದಳು. ಎದುರಿನಲ್ಲಿ ಚಾದರ ಮಡಿಸುತ್ತಿದ್ದ ಮೆಕ್ಸಿಕನ್ ಅಜ್ಜಿಗೆ ನಗು ತಡೆಯಲಾಗಲಿಲ್ಲ.

ಮುಂದಿನ ವಾರ ಪ್ರಿಂಟೌಟು ಒಯ್ಯಲಿಲ್ಲ.

ಆಮೇಲೆ ಅಂಗಡಿಯವನು ಆಫೀಸಿಗೆ ಫೋನ್ ಮಾಡಿ, ಬುಧವಾರ ಮಿಷಿನ್ನು ತರುತ್ತೇನೆಂದ. "ಒಂದು ವಾರ ಬಿಟ್ಟು ತನ್ನಿ" ಎಂಬ ಮಾತು ನನ್ನ ಬಾಯಿಂದ ಬಂತು. ಇಂದುವಿಗೆ, "ಅಂಗಡಿಯಲ್ಲಿ ಸ್ಟಾಕಿಲ್ಲವಂತೆ" ಎಂದೆ. ಮರುವಾರವೂ ಹಾಗೇ ಮಾಡಿದೆ.

"ಹೋಗ್ಲಿ ಬಿಡಿ. ಏಳು ವರ್ಷ ಕಾದೋಳಿಗೆ ಏಳು ದಿನ ಹೆಚ್ಚಾ?" ಎಂದು ಅವಳು ಬೆರಳುಗಳಿಗೆ ವ್ಯಾಸಲೀನ್ ಸವರಿಕೊಂಡಳು. ಡಬ್ಬಿ ಇಸಕೊಂಡು ನಾನೇ ಸವರಿದೆ. ಒಂದು ಸಂದಿನಲ್ಲಿ ರಕ್ತವಿತ್ತು. ಆಗಲೂ ನಿಜ ಹೇಳಲಿಲ್ಲ.

ಮೂರನೆಯ ಸಲ ಅಂಗಡಿಯವನು ಮನೆಗೇ ಫೋನ್ ಮಾಡಿದ. ನಾನು ಬಂದಾಗ ಇಂದು ಹುರುಳಿಕಾಯಿ ಹೆಚ್ಚುತ್ತಿದ್ದಳು.

"ಈ ಸಲವಾದ್ರೂ ತರ್ಲಾ ಅಂತ ಕೇಳ್ದ ರೀ, ಪಾಪ. ಎರಡು ಸಲ ನೀವೇ ಮುಂದಕ್ಕೆ ಹಾಕ್ಸಿದ್ರಂತೆ. ಯಾಕೆ?"

ಬಿಚ್ಚಿದ ಒಂದು ಶೂ ಕೈಯಲ್ಲೇ ಉಳಿಯಿತು.

"ಶನಿವಾರ... ವಸು ಜೊತೆ ಅಲ್ಲಿ ಕೂತ್ಕೊಳ್ಳೋದು..."

"ಮಿಷಿನ್ನು ಬಂದ್ರೆ ಶನಿವಾರ ಬರಲ್ವಾ? ಪಾರ್ಕಿಗೆ ಕರ್ಕೊಂಡು ಹೋಗಿ. ಬೇಡ ಅಂದೋರು ಯಾರು?"

ಬೇಡ ಎಂದವರಿಲ್ಲ. ಪ್ರತಿ ಶುಕ್ರವಾರ ಆಫೀಸಿನ ಮ್ಯಾನೇಜರು ನಾಳೆಯೂ ಕೆಲಸಕ್ಕೆ ಬರುತ್ತೀಯಾ ಎಂದು ಕೇಳುತ್ತಾನೆ. ಬಟ್ಟೆ ಒಗೆಯಬೇಕು ಎನ್ನುವುದೊಂದೇ ನನಗೆ ಹೇಳಲು ಬರುವ ಉತ್ತರ. ಮನೆಗೆ ಮಿಷಿನ್ನು ಬಂದರೆ ಅದೂ ಇಲ್ಲ. ಮಗಳ ಜೊತೆ ಕೂರಬೇಕು ಎನ್ನಲು ನಾಲಿಗೆ ಏಳುವುದಿಲ್ಲ. ಇದನ್ನು ಇಂದುವಿಗೆ ಹೇಳಿದೆ.

ಅವಳು ಸ್ಟೋವಿನ ಉರಿ ಸಣ್ಣ ಮಾಡಿದಳು. "ಆ ಮ್ಯಾನೇಜರಿಗೆ ನಿಜ ಹೇಳೋಕೆ ನಿಮಗೆ ಭಯ. ನನಗೆ ಸುಳ್ಳು ಹೇಳೋಕೆ ಭಯ ಆಗ್ಲಿಲ್ಲ, ಅಲ್ವಾ?"

ಬುಧವಾರ ಮಿಷಿನ್ನು ಬಂತು. ಶುಕ್ರವಾರ ಮ್ಯಾನೇಜರು ಕೇಳಿದಾಗ ಬರುತ್ತೇನೆ ಎಂದೆ. ಶನಿವಾರ ವಸುವನ್ನು ಪಕ್ಕದ ಬೀದಿಯ ಗೌರಮ್ಮನವರ ಮನೆಯಲ್ಲಿ ಬಿಟ್ಟು ಆಫೀಸಿಗೆ ಹೋದೆ. ಇಂದುವಿಗೆ ಕೊಟ್ಟ ಮಾತನ್ನು ನಡೆಸಿಕೊಟ್ಟಿದ್ದೇನೆ.