ಹಿಡಿಯಿಲ್ಲದ ಬಾಗಿಲು

ಬಾಗಿಲಿಗೆ ಹಿಡಿಯೇ ಇಲ್ಲವೆಂದು ನಾಗಲಕ್ಷ್ಮಿಗೆ ಗೊತ್ತಾದದ್ದು ಇಳಿಯಲೆಂದು ಕೈ ಚಾಚಿದಾಗ. ಹಿಡಿ ಇರಬೇಕಾದ ಜಾಗದಲ್ಲಿ ನುಣ್ಣನೆಯ ಕೆಂಪು ಬಣ್ಣವಿತ್ತು.

"ಅದ್ಯಾವ್ದೂ ಇಲ್ಲ ಕಣಕ್ಕ, ಎಲ್ಲಾ ರಿಮೋಟು," ಎಂದು ತಮ್ಮ ಶಶಿಕುಮಾರ್ ಗುಂಡಿ ಒತ್ತಿದ. ಡ್ಯಾಶ್‌ಬೋರ್ಡಿನೊಳಗೆಲ್ಲೋ ಟಿಕ್ ಎಂದಿತು. ಬಾಗಿಲು ತೆರೆಯಲಿಲ್ಲ. ಮತ್ತೆ ಒತ್ತಿದ. ಟಿಕ್. ಕಿಟಕಿಯ ಗಾಜಿನ ಗುಂಡಿ ಒತ್ತಿದ. ನಾಗಲಕ್ಷ್ಮಿಯ ಕಡೆಯ ಗಾಜು ಎರಡು ಬೆರಳಷ್ಟು ಇಳಿದು, ಯೋಚನೆ ಬದಲಿಸಿದಂತೆ ನಿಂತುಬಿಟ್ಟಿತು.

ಅವರಪ್ಪ ಕೃಷ್ಣಪ್ಪ ಮೂವತ್ತು ವರ್ಷ ತೆಂಗಿನಕಾಯಿ ಹೇರಿದ ಪಿಕಪ್ ಅದು. ಅವರು ಹೋದ ಮೇಲೆ ಎರಡು ವರ್ಷ ಕೊಟ್ಟಿಗೆಯಲ್ಲಿ ಕೋಳಿಗಳ ವಶದಲ್ಲಿತ್ತು. ಆಮೇಲೆ ಶಶಿ ಅದನ್ನು ಬೆಂಗಳೂರಿಗೆ ಕಳಿಸಿ ಮಾಡಿಫೈ ಮಾಡಿಸಿದ. ಚಕ್ರಗಳು ಅಗಲವಾದವು, ಗಾಜುಗಳಿಗೆ ಕರೆಂಟು ಬಂತು, ಹಿಡಿಗಳು ಲುಕ್ಕಿಗೆ ಅಡ್ಡವೆಂದು ಒಳಗೂ ಹೊರಗೂ ಮಾಯವಾದವು. ಬಣ್ಣ ಹಾಳಾಗುತ್ತದೆಂದು ಈಗ ಅದರಲ್ಲಿ ಕಾಯಿ ಹೇರುತ್ತಿರಲಿಲ್ಲ. ಇವತ್ತು ಹೇರಿದ್ದು ಅಕ್ಕನನ್ನು, ಹೊಳೆನರಸೀಪುರದ ಗಂಡನ ಮನೆಯಿಂದ ಚನ್ನರಾಯಪಟ್ಟಣದ ಸಬ್ ರಿಜಿಸ್ಟ್ರಾರ್ ಕಚೇರಿಯವರೆಗೆ, ಅಪ್ಪನ ಆಸ್ತಿಯ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದಕ್ಕೆ. ಹಿಂದಿನ ಸಂಜೆಯೇ ಸೀರೆ, ಅರಿಶಿನ ಕುಂಕುಮ, ಒಂದು ಚಿಪ್ಪು ಬಾಳೆಹಣ್ಣು ತಲುಪಿದ್ದವು. ಈ ಸೀಮೆಯಲ್ಲಿ ಅಕ್ಕತಂಗಿಯರು ಸಹಿ ಹಾಕುವುದಿಲ್ಲ ಎನ್ನುವುದಿಲ್ಲ. ಎಂದವರನ್ನು ಗೌರಿ ಹಬ್ಬಕ್ಕೆ ಯಾರೂ ಕರೆಯುವುದಿಲ್ಲ.

ಗಾಡಿ ಕಚೇರಿಯ ಮುಂದೆಯೇ ನಿಂತಿತ್ತು. ಅವರ ಸಮಯ ಹನ್ನೊಂದೂವರೆ. ಇನ್ನು ಇಪ್ಪತ್ತು ನಿಮಿಷವಿತ್ತು.

ಪತ್ರ ಬರೆಯುವ ದ್ಯಾವಯ್ಯ ಕೊಡೆ ಹಿಡಿದು ಬಂದು ಗಾಜು ತಟ್ಟಿದ. "ಇಳೀರಿ ಸಾ."

"ಇಳಿಯಕ್ಕಾಯ್ತಿಲ್ಲ ದ್ಯಾವಯ್ಯ. ಲಾಕ್ ಆಗ್ಬುಟ್ಟದೆ."

"ಹಳೇ ಗಾಡಿಯಾ?"

"ಹಳೇದೇ, ಹೊಸದು ಮಾಡ್ಸಿರದು."

"ಓ, ಅದುಕ್ಕೇ," ಎಂದು ದ್ಯಾವಯ್ಯ ರಸ್ತೆಯಾಚೆಯ ಆಟೋ ಎಲೆಕ್ಟ್ರಿಷಿಯನ್ ಮಂಚಯ್ಯನನ್ನು ಕೂಗಿದ.

ಮಂಚಯ್ಯ ಬಂದು ಗಾಡಿಯನ್ನು ಒಂದು ಸುತ್ತು ಹಾಕಿದ. "ಗಾಜು ಒಡ್ದುಬುಡ್ಲಾ ಸಾ?"

"ಮುಟ್ಟೀಯಾ! ಆ ಗಾಜು ಇಲ್ಲೆಲ್ಲೂ ಸಿಗಾಕಿಲ್ಲ."

"ಅಂಗಾರೆ ನೀವೂ ಸಿಗಾಕಿಲ್ಲ, ಕೂತಿರಿ," ಎಂದು ಬಾನೆಟ್ ಎತ್ತಿದ. ಅದರ ಕೊಂಡಿಗಳು ಅಪ್ಪನ ಕಾಲದವು, ಎಳೆದರೆ ಬಂದವು.

ಒಳಗೆ ಸೆಕೆ ಏರುತ್ತಿತ್ತು. ದ್ಯಾವಯ್ಯ ಗಾಜಿನ ಸಂದಿಯಿಂದ ಪತ್ರ ತೂರಿಸಿದ. "ಅಷ್ಟ್ರೊಳಗೆ ಕಣ್ಣಾಡ್ಸಿಬುಡಿ ಅಮ್ಮ. ಓದಿದ್ದೀರಾ ಅಂತ ಸಾಯೇಬ್ರು ಕೇಳ್ತರೆ. ಊಂ ಅನ್ನಿ, ಸಾಕು."

ಬಾಗಿಲು ತೆರೆಯದ ಗಾಡಿಯಲ್ಲಿ ಕೂತು, ತಾನು ಸ್ವಇಚ್ಛೆಯಿಂದ, ಯಾರ ಒತ್ತಾಯ ಬಲವಂತಗಳೂ ಇಲ್ಲದೆ ಈ ಪತ್ರ ಬರೆದುಕೊಡುತ್ತಿದ್ದೇನೆಂಬುದನ್ನು ನಾಗಲಕ್ಷ್ಮಿ ಓದಿದಳು. ಕತ್ತಿನ ಬೆವರು ಒರೆಸಿಕೊಂಡು ಹಾಳೆ ತಿರುವಿದಳು. ಸ್ವತ್ತಿನ ವಿವರ ಎರಡಿತ್ತು. ಒಂದು, ಸಂತೆ ಬೀದಿಯ ಅಂಗಡಿ. ಇನ್ನೊಂದು, ದಂಡಿಗನಹಳ್ಳಿಯ ತೆಂಗಿನ ತೋಟ, ಎರಡು ಎಕರೆ ಹದಿನಾರು ಗುಂಟೆ.

"ಶಶಿ, ತ್ವಾಟನೂ ಸೇರ್ಸಿದ್ದೀಯಲ್ಲೋ."

"ಎಲ್ಲಾ ಒಂದೇ ಸಲಕ್ಕೆ ಮುಗೀಲಿ ಅಂತ ಕಣಕ್ಕ. ನಿನ್ನ ಪದೇ ಪದೇ ಓಡಾಡ್ಸದ್ಯಾಕೆ?"

"ಅಂಗ್ಡಿ ಅಂದಿದ್ದೆ ನೀನು."

"ಅಂಗ್ಡಿ ಅಂದೆ. ತ್ವಾಟ ಇಲ್ಲ ಅಂದ್ನಾ?"

ಆ ತೋಟದಿಂದ ಪ್ರತಿ ಕೊಯ್ಲಿಗೂ ಅವಳಿಗೆ ಎರಡು ಮೂಟೆ ಕಾಯಿ ಬರುತ್ತಿತ್ತು. ಗಂಡನ ಮನೆಯಲ್ಲಿ ಯಾರನ್ನೂ ಕೇಳದೆ ಅವಳು ಯಾರಿಗಾದರೂ ಕೊಡಬಹುದಾದದ್ದು ಅದೊಂದೇ. ಅವಳು ಪತ್ರ ಮಡಿಸಿ ಸೀಟಿನ ಮೇಲಿಟ್ಟಳು.

"ಬ್ರೇಕ್ ತುಳೀರಿ ಸಾ!" ಹೊರಗಿನಿಂದ ಮಂಚಯ್ಯ ಕೂಗಿದ. ಶಶಿ ತುಳಿದ. ಮೀಟರಿನ ದೀಪ ಮಂಕಾಗಿ ಹತ್ತಿತು. "ಆರನ್ ಒತ್ತಿ!" ಒತ್ತಿದ. ಹಾರನ್ನು ಮುಲುಗಿತು, ವೈಪರ್ ಒಂದು ಗೇಣು ಎದ್ದು ಮಲಗಿತು.

"ಅರ್ತಿಂಗು ಓಗ್ಬುಟ್ಟದೆ ಕಣ್ ಸಾ," ಮಂಚಯ್ಯ ಸಂದಿಗೆ ಬಾಯಿಟ್ಟು ಹೇಳಿದ. "ಬ್ಯಾಟ್ರಿ ಕಲ್ಲಿದ್ದಂಗದೆ. ಓದ ಕರೆಂಟಿಗೆ ವಾಪಸ್ ಬರಕ್ಕೆ ದಾರಿ ಇಲ್ದೆ ಸಿಕ್ಕಿದ್ ಕಡೆ ನುಗ್ತಾ ಅದೆ. ಡ್ಯಾಶ್ ಕೆಳಗೆ, ಎಡಕ್ಕೆ, ಒಂದು ಕರೀ ವೈರು ಬಾಡಿಗೆ ಬೋಲ್ಟ್ ಮಾಡಿರ್ತರೆ. ಅದ ನೋಡಿ."

ಶಶಿ ಬಾಗಿದ. ಹೊಟ್ಟೆಗೂ ಸ್ಟೀರಿಂಗಿಗೂ ಒಪ್ಪಂದವಾಗಲಿಲ್ಲ. "ನೀನೇ ನೋಡಕ್ಕ," ಎಂದ.

ಅವಳಿಗೆ ಹೊಸದಲ್ಲ. ಅಪ್ಪ ಇದೇ ಗಾಡಿಯ ಕೆಳಗೆ ಮಲಗಿದ್ದಾಗ ಟೆಸ್ಟ್ ಲ್ಯಾಂಪ್ ಹಿಡಿದು ನಿಲ್ಲುತ್ತಿದ್ದವಳು ಅವಳೇ. ಶಶಿಗೆ ಗ್ರೀಸಿನ ವಾಸನೆಗೆ ತಲೆನೋವು ಬರುತ್ತಿತ್ತು. ಸೆರಗು ಸಿಕ್ಕಿಸಿ, ತಲೆ ತಗ್ಗಿಸಿ, ಕೈ ಒಳಗೆ ತೂರಿಸಿದಳು. ವೈರು ಸಿಕ್ಕಿತು. ಬೋಲ್ಟಿನ ಕೆಳಗೂ ದಪ್ಪಗೆ ಕೆಂಪು ಬಣ್ಣ. ಬಣ್ಣದ ಮೇಲೆಯೇ ವೈರು ಬಿಗಿದಿದ್ದರು, ತಗಡಿಗೆ ಅದು ತಾಗಿಯೇ ಇರಲಿಲ್ಲ. ಬೋಲ್ಟ್ ಬೆರಳಿಗೇ ತಿರುಗಿ ಬಂತು. ಬಳೆಯಲ್ಲಿದ್ದ ಪಿನ್ನು ಬಿಚ್ಚಿ ಬಣ್ಣ ಕೆರೆದಳು. ಹುರುಳಿಕಾಳಿನಷ್ಟು ತಗಡು ಬೆಳ್ಳಗೆ ಕಂಡಿತು. ವೈರಿನ ತುದಿ ಅದಕ್ಕೆ ತಾಗಿಸಿದರೆ ಮುಗಿಯಿತು.

ಕಚೇರಿಯ ಒಳಗಿನಿಂದ ಜವಾನನ ಕೂಗು ಕೇಳಿತು. "ನಾಗಲಕ್ಷ್ಮಿ ಕೋಂ ಅರುಣ್‌ಕುಮಾರ್!"

"ಸಿಕ್ತೇನಕ್ಕ?" ಶಶಿ ಕೇಳಿದ.

"ಇಲ್ಲ ಕಣ್ಲಾ," ಎಂದಳು. "ಕಾಣಾಕಿಲ್ಲ."

ಮಂಚಯ್ಯ ಅವಳ ಕಡೆಯ ಗಾಜಿಗೆ ಅಂಗೈ ಅಡ್ಡ ಹಿಡಿದು ಇಣುಕಿದ. ಅವಳ ಬೆರಳುಗಳ ನಡುವಿನ ವೈರು ನೋಡಿದ, ಕೆರೆದ ತಗಡು ನೋಡಿದ, ಸೀಟಿನ ಮೇಲಿನ ಪತ್ರ ನೋಡಿದ. ಅವಳು ಕಣ್ಣೆತ್ತಿದಳು. ಮಂಚಯ್ಯ ನೆಟ್ಟಗಾದ.

"ಟೈಮ್ ಇಡೀತದೆ ಸಾ," ಎಂದು ಹೋಗಿ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ.

ಜವಾನ ಇನ್ನೆರಡು ಸಲ ಕೂಗಿ ಬೇರೆ ಹೆಸರಿಗೆ ಹೋದ. ಶಶಿ ಸ್ಟೀರಿಂಗಿಗೆ ಗುದ್ದಿದ. ಹಾರನ್ ಮುಲುಗಿತು. ಸ್ವಲ್ಪ ಹೊತ್ತಿಗೆ ದ್ಯಾವಯ್ಯ ಓಡೋಡಿ ಬಂದ, ಮುಖ ಅರಳಿಸಿಕೊಂಡು.

"ಯೋಚ್ನೆ ಬ್ಯಾಡಿ ಸಾ, ನಾನು ಮಾತಾಡ್ದೆ. ಊಟ ಆದ್ಮೇಲೆ ಕರೀತೀನಿ ಅಂದವ್ರೆ ಸಾಯೇಬ್ರು. ಒಳ್ಳೇವ್ರು."

"ಅಷ್ಟೊತ್ತಿಗೆ ಸಿಕ್ತದೆ ಬುಡಕ್ಕ," ಎಂದ ಶಶಿ ಸಮಾಧಾನದ ದನಿಯಲ್ಲಿ. "ಆತುರ ಬ್ಯಾಡ, ನಿದಾನುಕ್ಕೆ ನೋಡು."

ಅವಳ ಎಡಗೈ ಜೋಮು ಹಿಡಿದಿತ್ತು. ವೈರಿನ ತುದಿ ಎಲ್ಲಿಯೂ ತಾಗದಂತೆ ನೋಡಿಕೊಳ್ಳುತ್ತ, ಮೆಲ್ಲಗೆ ಅದನ್ನು ಬಲಗೈಗೆ ಬದಲಾಯಿಸಿಕೊಂಡಳು.