ಹೊಸೂರಿನ ನಗು

"ಹೊಸೂರಾ?" ಅಂದ ಮುನಿಕೃಷ್ಣ. ಮುದ್ದೆ ಮುರಿಯುತ್ತಿದ್ದ ಕೈ ತಟ್ಟೆಯಲ್ಲೇ ನಿಂತಿತು.

"ಹೂಂ, ಹೊಸೂರೇ," ಅಂದಳು ಶಶಿಕಲಾ.

ಮದುವೆಯಾಗಿ ಇಪ್ಪತ್ತು ವರ್ಷ ತುಂಬುತ್ತದೆ, ಈ ಸಲವಾದರೂ ಇಬ್ಬರೇ ಎರಡು ದಿನ ಎಲ್ಲಿಗಾದರೂ ಹೋಗಿಬನ್ನಿ ಎಂದು ಮಗಳು ದಿವ್ಯ ಕೃಷ್ಣಗಿರಿಯ ಹಾಸ್ಟೆಲ್‌ನಿಂದ ಫೋನ್ ಮಾಡಿ ಹಟ ಹಿಡಿದಿದ್ದಳು. ಹಸುಗಳ ಜವಾಬ್ದಾರಿ ಅತ್ತೆ ಪಾಪಮ್ಮ ಹೊತ್ತುಕೊಂಡಿದ್ದರು. ಊಟಿ, ಮೈಸೂರು, ಏರ್ಕಾಡು ಎಂದು ಊರುಗಳ ಹೆಸರು ಮನೆಯಲ್ಲಿ ಸುಳಿದಾಡಿದ್ದವು. ರಾಯಕೋಟೆಯಿಂದ ಬಸ್ಸು ಹತ್ತಿದರೆ ಒಂದು ಗಂಟೆಯಲ್ಲಿ ಸಿಗುವ ಹೊಸೂರನ್ನು ಯಾರೂ ಎಣಿಸಿರಲಿಲ್ಲ.

"ಅಲ್ಲೇನೈತೆ ನೋಡಕ್ಕೆ? ನಾನು ದಿನಾ ಹೋಗೋ ಊರು."

"ನಾನು ಹೋಗಲ್ವಲ್ಲ."

ಅವನು ಇನ್ನೇನೂ ಕೇಳಲಿಲ್ಲ. ಅವನು ಕೇಳುವವನಲ್ಲ.

ಲಾರಿ ತಯಾರಿಸುವ ಕಾರ್ಖಾನೆಯಲ್ಲಿ ಅವನಿಗೆ ಮದುವೆಗೆ ಮುಂಚಿನಿಂದ ಕೆಲಸ. ಬೆಳಿಗ್ಗೆ ಕತ್ತಲಿರುವಾಗ ಹೊರಟರೆ ಸಂಜೆ ಬರುತ್ತಿದ್ದ. ಬಂದು ಕೈಕಾಲು ತೊಳೆದು, ಟೊಮೇಟೊ ತೋಟಕ್ಕೆ ಹೋಗಿ ಒಂದು ಸುತ್ತು ಹಾಕಿ, ಊಟಕ್ಕೆ ಕೂರುತ್ತಿದ್ದ. ಕುಡಿಯುತ್ತಿರಲಿಲ್ಲ, ಒಂದು ದಿನವೂ ದನಿ ಏರಿಸಿದವನಲ್ಲ. ತವರಿನಲ್ಲಿ ಹೇಳಿಕೊಳ್ಳಲು ಒಂದು ದೂರೂ ಇಲ್ಲದಿರುವುದೇ ಶಶಿಕಲಾಳ ಕಷ್ಟವಾಗಿತ್ತು. ಅವನು ಉಣ್ಣುವಾಗ ಎದುರಿಗೆ ಕೂತು ಅವಳು ದಿನದ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಅವನು ಸಾರು ಹಾಕಿಸಿಕೊಳ್ಳುತ್ತಿದ್ದ. ಬಾವಿಗೆ ಕಲ್ಲೆಸೆದು ಸದ್ದಿಗೆ ಕಾದಂತೆ ಅವಳು ಕಾಯುತ್ತಿದ್ದಳು. ಆಮೇಲೆ ಕಾಯುವುದನ್ನು ಬಿಟ್ಟು ಸುಮ್ಮನೆ ಹೇಳತೊಡಗಿದಳು.

ಹೋದ ಬೇಸಿಗೆಯಲ್ಲಿ ಬೋರಿನ ಮೋಟರು ಸುಟ್ಟ ದಿನ ಮಧ್ಯಾಹ್ನ ಅವನಿಗೆ ಫೋನ್ ಮಾಡಿದಳು. ಕರೆ ಎತ್ತಿದಾಗ ಅವನು ನಗುತ್ತಿದ್ದ. ಸುತ್ತ ಇನ್ನೂ ನಾಲ್ಕಾರು ಜನ ನಗುತ್ತಿದ್ದರು, ಆದರೆ ಅವನದು ಬೇರೆಯಾಗಿ ಕೇಳುತ್ತಿತ್ತು. ಹೊಟ್ಟೆಯಿಂದ ಬಂದದ್ದು, ಉಸಿರು ಸಿಕ್ಕದೆ ನಡುನಡುವೆ ಕಡಿಯುತ್ತಿದ್ದ ನಗು. ಶಶಿಕಲಾ ಮಾತಾಡದೆ ಕೇಳಿದಳು. "ಹಲೋ?" ಅಂದ. "ನಾನು," ಅಂದಳು. ನಗು ನಿಂತಿತು. "ಏನು?" ಅಂದ, ಮನೆಯ ದನಿಯಲ್ಲಿ.

ಆ ನಗುವನ್ನು ಒಂದು ಸಲ ಎದುರಿಗೆ ಕೂತು ಕೇಳಬೇಕು. ಅದು ಹೊಸೂರಿನಲ್ಲಿತ್ತು. ಹಾಗಾಗಿ ಹೊಸೂರು.

ಶನಿವಾರದ ಬಸ್ಸಿನಲ್ಲಿ ಅವನು ಕೇಳದೆಯೇ ಕಂಡಕ್ಟರು ಎಡಗಡೆಯ ಮೂರನೇ ಸೀಟನ್ನು ಕೈಯಿಂದ ಒರೆಸಿ ತೋರಿಸಿದ. "ಏನ್ ಕೃಷ್ಣಣ್ಣ, ಇವತ್ತು ಡಬಲ್ ಡ್ಯೂಟಿನಾ?" ಎಂದು ಶಶಿಕಲಾಳ ಕಡೆ ನೋಡಿ ನಕ್ಕ. ಮುನಿಕೃಷ್ಣ ತಲೆಯಾಡಿಸಿ ಕಿಟಕಿಯ ಬದಿಯನ್ನು ಅವಳಿಗೆ ಬಿಟ್ಟ. ಉದ್ದನಪಲ್ಲಿ ದಾಟುವವರೆಗೂ ಅವಳು ಕಿಟಕಿಯ ಸರಳು ಹಿಡಿದುಕೊಂಡಿದ್ದಳು. ಅವನ ಕೈ ಇಷ್ಟು ವರ್ಷ ಹಿಡಿದು ನುಣುಪಾದ ಸರಳು ಇದೇ ಇರಬಹುದು ಎಂದುಕೊಂಡಳು.

ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಮೇಜಿನ ಹಿಂದೆ ಕೂತಿದ್ದವನು ಇಬ್ಬರ ಆಧಾರ್ ಕಾರ್ಡನ್ನೂ ತಿರುಗಿಸಿ ತಿರುಗಿಸಿ ನೋಡಿದ.

"ಲೋಕಲ್ ಐಡಿಗೆ ರೂಮ್ ಕಿಡೈಯಾದು," ಅಂದ ತಮಿಳಿನಲ್ಲಿ. ಆಮೇಲೆ ಶಶಿಕಲಾಳ ಮುಖ ನೋಡಿ ಕನ್ನಡಕ್ಕೆ ಬಂದ. "ಇಲ್ಲ ಅಂದೆ. ರಾಯಕೋಟೆಯೋರಿಗೆ ಇಲ್ಯಾಕೆ ರೂಮು? ಮನೇಗೆ ಬಸ್ಸೈತಲ್ಲ."

"ಎರಡು ದಿನ ಇದ್ದೋಗಣ ಅಂತ," ಅಂದ ಮುನಿಕೃಷ್ಣ.

"ಅದೇ. ಯಾಕೆ ಅಂತ." ಅವನು ಅವಳ ಕಾರ್ಡನ್ನು ಮುಂದೆ ತಳ್ಳಿದ. "ಇದರಲ್ಲಿ ಗಂಡನ ಹೆಸರೇ ಇಲ್ಲ. ತಂದೆ ಆವುಲಪ್ಪ, ಗುಮ್ಮಳಾಪುರ ಅಂತೈತೆ. ಇವರ್ದು ರಾಯಕೋಟೆ."

ತವರಿಗೆ ಹೋಗಿದ್ದಾಗ ಅಲ್ಲಿನ ವಿಳಾಸದಲ್ಲೇ ಮಾಡಿಸಿದ್ದ ಕಾರ್ಡು. ಬದಲಿಸಬೇಕು ಎಂದು ವರ್ಷಗಳಿಂದ ಅಂದುಕೊಂಡದ್ದು ಹಾಗೇ ಉಳಿದಿತ್ತು. ಶಶಿಕಲಾ ಸೆರಗಿನಿಂದ ತಾಳಿ ಎಳೆದು ತೋರಿಸಿದಳು.

"ತಾಳಿ ಅಂಗಡೀಲೂ ಸಿಗ್ತದಮ್ಮ."

"ಇಪ್ಪತ್ತು ವರ್ಷದಿಂದ ಇವರಿಗೆ ಮುದ್ದೆ ತೊಳಸಿ ಹಾಕ್ತಾ ಇದ್ದೀನಿ ಕಣಪ್ಪ. ಕಳ್ಳ ಸಂಬಂಧ ಆಗಿದ್ರೆ ಯಾವತ್ತೋ ಬಿಟ್ಟೋಗ್ಬುಡ್ತಿದ್ದೆ."

ಮೇಜಿನವನಿಗೆ ನಗು ಬಂತು, ಆದರೆ ಕೀಲಿ ಕೈಗೆ ಬರಲಿಲ್ಲ. ಶಶಿಕಲಾ ಗಂಡನ ಕಡೆ ನೋಡಿದಳು. ಇವಳು ನನ್ನ ಹೆಂಡತಿ ಎಂದು ಅವನು ದೊಡ್ಡ ದನಿಯಲ್ಲಿ ಹೇಳಬಹುದು, ರೇಗಬಹುದು, ಇಲ್ಲವೇ ಒಂದು ತಮಾಷೆ ಮಾಡಬಹುದು. ಅವನು ಕಾರ್ಡುಗಳನ್ನು ಜೋಡಿಸಿ ಜೇಬಿಗಿಟ್ಟುಕೊಂಡ. "ಈ ಊರಿನೋರು ಯಾರಾದ್ರೂ ಬಂದು ಹೇಳಿದ್ರೆ ಆಗ್ತದಾ?" ಎಂದು ಮೆಲ್ಲಗೆ ಕೇಳಿ, ಹೊರಗೆ ಹೋಗಿ ಫೋನ್ ಮಾಡಿದ.

ಬಂದವನು ಜಗನ್. ಕಾರ್ಖಾನೆಯಲ್ಲಿ ಮುನಿಕೃಷ್ಣನ ಲೈನಿನಲ್ಲೇ ಕೆಲಸ ಮಾಡುವವನು, ಮೂವತ್ತು ದಾಟಿರದ ಹುಡುಗ. ಬೈಕು ನಿಲ್ಲಿಸುವ ಮೊದಲೇ ಕೂಗಿಕೊಂಡು ಬಂದ. "ಏನ್ ಕೃಷ್ಣಣ್ಣ, ಸ್ವಂತ ಹೆಂಡ್ತೀನೇ ಓಡಿಸ್ಕೊಂಡು ಬಂದಿದ್ದೀಯಂತೆ!" ಮೇಜಿನವನಿಗೆ ತಮಿಳಿನಲ್ಲಿ ಏನೋ ಹೇಳಿ, ಪುಸ್ತಕದಲ್ಲಿ ತನ್ನ ನಂಬರು ಬರೆದು, ಕೀಲಿ ಇಸಿದುಕೊಂಡ. ಆಮೇಲೆ ಶಶಿಕಲಾಳ ಕಡೆ ತಿರುಗಿ ಕೈಮುಗಿದ. "ಅತ್ಗೆ, ನಿಮ್ಮನ್ನ ನೋಡಿಲ್ಲ ಅಷ್ಟೇ. ನಮ್ಮ ಲೈನ್‌ನಲ್ಲಿ ನಿಮ್ಮನ್ನ ಗೊತ್ತಿಲ್ದೋರು ಯಾರೂ ಇಲ್ಲ."

ಪಕ್ಕದ ಟೀ ಅಂಗಡಿಯಲ್ಲಿ ಮೂವರೂ ನಿಂತರು.

"ಮುತ್ತರಾಯಪ್ಪನ ಮೇಕೆ ಹೆಂಗೈತೆ ಅತ್ಗೆ?" ಅಂದ ಜಗನ್.

ಶಶಿಕಲಾಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ಮುತ್ತರಾಯಪ್ಪ ಅವರ ತೋಟದ ಪಕ್ಕದವನು. ಅವನ ಮೇಕೆ ಲಗ್ನಪತ್ರಿಕೆ ತಿಂದುಬಿಟ್ಟಿತ್ತು. ಅವನು ಅಂದಾಜಿನ ಮೇಲೆ ಛತ್ರಕ್ಕೆ ಹೋಗಿ, ಯಾರದೋ ಮದುವೆಯಲ್ಲಿ ಊಟ ಮಾಡಿ, ಮುಯ್ಯಿ ಬರೆಸಿ ಬಂದಿದ್ದ. ಇದನ್ನು ಅವಳು ಗಂಡನಿಗೆ ಬೇಸಿಗೆಯಲ್ಲಿ ಒಂದು ರಾತ್ರಿ ಊಟದ ಹೊತ್ತಿಗೆ ಹೇಳಿದ್ದಳು. ಅವನು ಉಪ್ಪಿನಕಾಯಿ ಕೇಳಿದ್ದ.

"ಅದನ್ನ ಇವರು ಹೇಳಿದ್ರಾ?"

"ಹೇಳಿದ್ರಾ? ಮಾಡಿ ತೋರಿಸಿದ್ರು! ಕ್ಯಾಂಟೀನಲ್ಲಿ ನನಗೆ ಅನ್ನ ನೆತ್ತಿಗೇರ್ಬುಡ್ತು. ಗಂಡು ಹೆಣ್ಣಿನ ಮಧ್ಯೆ ಮುತ್ತರಾಯಪ್ಪ ನಿಂತ್ಕೊಂಡು ಫೋಟೋ ತೆಗೆಸ್ಕೊಂಡು, 'ನಿಮ್ಮಪ್ಪ ಹೋದ್ಮೇಲೆ ನಾನೇ ಅಲ್ವೇನಪ್ಪ ನಿಂಗೆ ದಿಕ್ಕು' ಅಂದ್ನಂತೆ, ಪಕ್ಕದಲ್ಲೇ ಆ ಹುಡುಗನಪ್ಪ ನಿಂತವ್ನಂತೆ!" ಜಗನ್ ಹೊಟ್ಟೆ ಹಿಡಿದುಕೊಂಡ. "ದಿನಾ ಊಟಕ್ಕೆ ಕೂತ ತಕ್ಷಣ ಕೇಳ್ತೀವಿ. ಕೃಷ್ಣಣ್ಣ, ನಿನ್ನೆ ಅತ್ಗೆ ಏನಂದ್ರು ಅಂತ."

ಫೋಟೋ ತೆಗೆಸಿಕೊಂಡದ್ದನ್ನು ಶಶಿಕಲಾ ಹೇಳಿರಲಿಲ್ಲ. ಹುಡುಗನ ಅಪ್ಪನನ್ನೂ ಹೇಳಿರಲಿಲ್ಲ. ಅವು ಮುನಿಕೃಷ್ಣ ಬಸ್ಸಿನ ಮೂರನೇ ಸೀಟಿನಲ್ಲಿ ಕೂತು ಕಟ್ಟಿದವು. ಅವಳು ಗಂಡನ ಕಡೆ ನೋಡಿದಳು. ಅವನು ಖಾಲಿ ಲೋಟವನ್ನು ಅಂಗಡಿಯವನ ಕೈಗೆ ಕೊಡುತ್ತಿದ್ದ. ಕಿವಿಯ ತುದಿ ಕೆಂಪಾಗಿತ್ತು.

ಸಂಜೆ ಚಂದ್ರಚೂಡೇಶ್ವರನ ಬೆಟ್ಟ ಹತ್ತಿದರು. ಮೇಲಿನಿಂದ ಅವನು ಕೈ ಚಾಚಿ, ಅಕೋ ಅದು ನಮ್ಮ ಕಂಪನಿ, ಅಂದ. ಉದ್ದುದ್ದ ಶೀಟಿನ ಮಾಡುಗಳು ಬಿಸಿಲಲ್ಲಿ ಹೊಳೆಯುತ್ತಿದ್ದವು. ಕ್ಯಾಂಟೀನು ಎಲ್ಲಿ ಎಂದು ಕೇಳಿದಳು. ಅದು ಇಲ್ಲಿಗೆ ಕಾಣಲ್ಲ, ಅಂದ.

ರೂಮಿಗೆ ಬಂದು ಮಂಚದ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು ಕೂತರು. ಕೆಳಗೆ ಬಸ್ಸುಗಳ ಹೆಸರು ಕೂಗುತ್ತಿದ್ದರು. ಕೃಷ್ಣಗಿರಿ, ಧರ್ಮಪುರಿ, ಸೇಲಂ.

"ಆ ಮೇಕೆ ಕತೆ ಹೇಳಿ," ಅಂದಳು.

"ನಿಂಗೇ ಗೊತ್ತಲ್ಲ."

"ಗೊತ್ತಿದ್ರೂ ಹೇಳಿ. ಅಲ್ಲಿ ಹೇಳಿದಂಗೆ."

ಅವನು ಅಂಗಿಯ ತೋಳು ಮಡಚಿದ. ಕಾಲು ಬದಲಿಸಿ ಕೂತ. "ಮುತ್ತರಾಯಪ್ಪ ಇದ್ದಾನಲ್ಲ..." ಎಂದು ಶುರು ಮಾಡಿದ. ದನಿ ಬೇರೆಯೇ ಆಗಿತ್ತು, ಅವಳು ಅವನ ಕಡೆ ಬಾಗಿದಳು. ಅವನು ಅಲ್ಲಿಗೇ ನಿಲ್ಲಿಸಿದ. ಫ್ಯಾನಿನ ಕಡೆ ನೋಡಿದ.

"ನೀನು ಹೇಳಿದ್ದನ್ನ ನಿಂಗೇ ಹೆಂಗೆ ಹೇಳ್ಲಿ?"

"ನಂಗೆ ಯಾಕೆ ಒಂದಿನಾನೂ ನಗಲಿಲ್ಲ?"

ಅವಳು ಇಪ್ಪತ್ತು ವರ್ಷದಲ್ಲಿ ಅವನನ್ನು ಕೇಳಿದ ಪ್ರಶ್ನೆಗಳಲ್ಲಿ ಇದೊಂದೇ ಅವಳಿಗೆ ನಿಜವಾಗಿ ಬೇಕಾಗಿದ್ದದ್ದು. ಅವನು ಮಡಚಿದ್ದ ತೋಳನ್ನು ಮತ್ತೆ ಬಿಡಿಸಿದ.

"ನಕ್ಕರೆ ನೀನು ನಿಲ್ಲಿಸ್ಬುಡ್ತೀಯ ಅಂತ," ಅಂದ. "ಮೊದಮೊದಲು ನೀನು ಹಂಗೇ ಮಾಡ್ತಿದ್ದೆ. ನಾ ನಕ್ಕು ಏನಾದ್ರೂ ಅಂದ್ರೆ ನೀನು ನಾಚ್ಕೊಂಡು ಎದ್ದೋಗ್ತಿದ್ದೆ. ಅದಕ್ಕೇ ನಾನು ಸುಮ್ನಿರೋದು ಕಲ್ತೆ. ಆಮೇಲೆ ಅದೇ ರೂಢಿಯಾಗೋಯ್ತು."

ಹೊಸ ಸೊಸೆಯಾಗಿ ಅಡುಗೆಮನೆಯ ಬಾಗಿಲಿಗೆ ಒರಗಿ ಮಾತಾಡುತ್ತಿದ್ದ ಆ ಹುಡುಗಿಯನ್ನು ಶಶಿಕಲಾ ನೆನೆಯಲು ನೋಡಿದಳು. ಮುಖ ಸರಿಯಾಗಿ ನೆನಪಾಗಲಿಲ್ಲ. ಅವಳ ಮೇಲೆ ಸಿಟ್ಟೂ ಬಂತು, ಅಸೂಯೆಯೂ ಆಯಿತು. ಆ ಹುಡುಗಿ ಅವನ ನಗುವನ್ನು ಕೇಳಿದ್ದಳು, ಕೇಳಿ ಎದ್ದುಹೋಗಿದ್ದಳು.

ಭಾನುವಾರ ಮಧ್ಯಾಹ್ನದ ಬಸ್ಸಿಗೇ ಹೊರಟರು. ಎರಡು ದಿನ ತುಂಬಲಿಲ್ಲ, ಹಸುಗಳ ನೆಪ ಹೇಳಿಕೊಂಡರು. ಅದೇ ಎಡಗಡೆಯ ಸೀಟು. ಊರು ಹಿಂದಾಗಿ ಹೂವಿನ ತೋಟಗಳ ಬಿಳಿ ಪ್ಲಾಸ್ಟಿಕ್ ಮಾಡುಗಳು ಶುರುವಾದಾಗ ಅವಳು ಹೊರಗೆ ನೋಡುತ್ತಲೇ ಮಾತು ತೆಗೆದಳು.

"ನಿಮ್ಮಮ್ಮ ಮೊನ್ನೆ ದಿವ್ಯಂಗೆ ವೀಡಿಯೋ ಕಾಲ್ ಮಾಡಿದ್ರು. ಅದಕ್ಕೆ ಅಂತ ತಲೆಗೆ ಸ್ನಾನ ಮಾಡಿ, ಮದುವೆ ಸೀರೆ ಉಟ್ಕೊಂಡು, ಹೂವ ಮುಡ್ಕೊಂಡು ಕೂತವ್ರೆ. ಫೋನ್ ಕೊಟ್ಟೆ. ಕೊಟ್ಟ ತಕ್ಷಣ ಎತ್ತಿ ಕಿವಿಗೆ ಇಟ್ಕೊಂಡ್ರು. ಆ ಕಡೆಯಿಂದ ಮಗಳು ಒಂದೇ ಸಮನೆ ಕೂಗ್ತಾಳೆ, ಅಜ್ಜೀ ನಿನ್ನ ಕಿವಿ ಕಾಣಿಸ್ತಾ ಐತೆ, ಕಿವಿ ಕಾಣಿಸ್ತಾ ಐತೆ ಅಂತ. ಅದಕ್ಕೆ ನಿಮ್ಮಮ್ಮ ಏನಂದ್ರು ಗೊತ್ತಾ?"

ಅಲ್ಲಿಗೆ ಬಿಟ್ಟಳು.

ಟಿಕೆಟ್ಟಿನವನು ಬಂದುಹೋದ. ಒಬ್ಬಾಕೆ ಕೊತ್ತಂಬರಿಯ ಮೂಟೆಯೊಂದಿಗೆ ಹತ್ತಿ, ಮುಂದಿನ ನಿಲ್ದಾಣದಲ್ಲಿ ಇಳಿದಳು. ಶಶಿಕಲಾ ಬಾಯಿ ಬಿಗಿಹಿಡಿದು ಕೂತಿದ್ದಳು. ಹೇಳಿಬಿಡುವುದು ಅವಳ ಅಭ್ಯಾಸ, ತಡೆಯುವುದು ಕಷ್ಟವಾಗಿತ್ತು. ಉದ್ದನಪಲ್ಲಿ ಬಂತು. ಬಸ್ಸು ನಿಂತು, ಮತ್ತೆ ಹೊರಟಿತು. ಪಕ್ಕದಲ್ಲಿ ಅವನು ಎದುರಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದ.

"ಓಲೆ ಕಾಣಿಸ್ತದಾ ನೋಡು, ಅಂದಿರ್ತಾಳೆ," ಅಂದ.

ಅವಳು ತಿರುಗಲಿಲ್ಲ. ಅತ್ತೆ ಅಂದದ್ದು ಅದಲ್ಲ. ಸರಿಯಾಗಿ ಕೇಳಿಸ್ತಿಲ್ಲ, ಜೋರಾಗಿ ಹೇಳು, ಅಂದಿದ್ದರು ಅಷ್ಟೆ.

"ಹೂಂ," ಅಂದಳು. "ಅದನ್ನೇ ಅಂದ್ರು."

ಅವನ ಮೂಗಿನಿಂದ ಸಣ್ಣಗೆ ಒಂದು ಉಸಿರು ಹೊರಬಂತು. ಫೋನಿನಲ್ಲಿ ಕೇಳಿದ್ದ ನಗು ಅಲ್ಲ ಅದು. ಅದರ ಪಕ್ಕದಲ್ಲೆಲ್ಲೋ ಇರುವಂಥದು.

"ಆಮೇಲೆ?" ಅಂದ.

ಆಮೇಲೆ ಏನೂ ಆಗಿರಲಿಲ್ಲ. ಅತ್ತೆ ಫೋನ್ ಇಟ್ಟು, ಸೀರೆ ಬದಲಿಸಿ, ಹಸುವಿಗೆ ಹುಲ್ಲು ಹಾಕಲು ಹೋಗಿದ್ದರು. ದೂರದಲ್ಲಿ ರಾಯಕೋಟೆಯ ಕೋಟೆ ಬೆಟ್ಟ ಕಾಣತೊಡಗಿತ್ತು. ಶಶಿಕಲಾ ಸೆರಗು ಸರಿಮಾಡಿಕೊಂಡು, ಊರು ಬರುವವರೆಗೆ ಸಾಕಾಗುವಷ್ಟು ಉದ್ದದ ಒಂದು 'ಆಮೇಲೆ'ಯನ್ನು ಕಟ್ಟತೊಡಗಿದಳು.