ಹದಿನೆಂಟನೆಯ ಗಂಟೆಯ ಬಾಟಲಿ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಈ ಪ್ರಯೋಗಾಲಯದ ಯಜಮಾನ. ಬ್ಯಾಕ್ಟೀರಿಯಾದ ಬಗ್ಗೆ ಅವನಿಗೆ ಗೊತ್ತಿರುವುದು ಒಂದೇ, ಅದು ಕಣ್ಣಿಗೆ ಕಾಣುವುದಿಲ್ಲ ಎಂಬುದು. ಕಾಣದ್ದರ ಬಗ್ಗೆ ಬಡಾಯಿ ಕೊಚ್ಚುವುದು ಸುಲಭ. ಮನೆಯಲ್ಲಿ ಭಾವ ಅನ್ನಬಹುದು, ಇಲ್ಲಿ ಸರ್ ಅನ್ನಲೇಬೇಕು. ಎರಡೂ ಕಡೆ ಅವನ ಬಾಯಲ್ಲಿ ಬರುವುದು ಅದೇ ಮಾತು: “ನಾನು ಮಾಡಿದ್ದು.”

ಮಾಡಿದವಳು ನಾನು. ಗೋಧಿ ಬೂಸಾದಿಂದ ಫೆರುಲಿಕ್ ಆಮ್ಲ ಬಿಡಿಸಿ ಟ್ಯಾಂಕಿಗೆ ಸುರಿದರೆ ನನ್ನ ಬ್ಯಾಕ್ಟೀರಿಯಾ ಅದನ್ನು ವೆನಿಲಿನ್ ಮಾಡಿಕೊಡುತ್ತದೆ. ಐಸ್‌ಕ್ರೀಮಿನಲ್ಲಿ ಬರುತ್ತದಲ್ಲ, ಅದೇ ಘಮ. ಆ ತಳಿಯನ್ನು ಹುಡುಕಿ, ಪಳಗಿಸಿ, ನಾಲ್ಕು ವರ್ಷ ಸಾಕಿದ್ದೇನೆ. ಅಚ್ಚಾದ ಎರಡೂ ಲೇಖನಗಳಲ್ಲಿ ಹೆಸರು ಅವನದು. ನನ್ನ ಪಾಲಿಗೆ ಕೊನೆಯಲ್ಲಿ “ಸಹಕರಿಸಿದ ಸಿಬ್ಬಂದಿಗೆ ಧನ್ಯವಾದ” ಎಂಬ ಸಾಲು. ಈಗ ಬಿಸ್ಕತ್ತು ಕಾರ್ಖಾನೆಯೊಂದು ತಳಿಯನ್ನು ಪರೀಕ್ಷಿಸಲು ಬರುವುದಿತ್ತು. ಅವರು ಒಪ್ಪಿದರೆ ಒಪ್ಪಂದದಲ್ಲಿ ನನ್ನ ಹೆಸರೇ ಇರಬೇಕು ಎಂದು ಹಟ ಹಿಡಿದಿದ್ದೆ. “ನೋಡೋಣ” ಅಂದಿದ್ದ. ಅವನ ‘ನೋಡೋಣ’ ಎಂದರೆ ಏನೆಂದು ಅಕ್ಕನನ್ನು ಕೇಳಬೇಕು.

ಈ ಜೀವಿಗೆ ಒಂದು ಚಾಳಿಯಿದೆ. ತಾನೇ ಮಾಡಿದ ವೆನಿಲಿನ್ ಅದಕ್ಕೇ ವಿಷ. ಆದ್ದರಿಂದ ಹದಿನೆಂಟು ಗಂಟೆ ಕಳೆಯಿತೆಂದರೆ ಅದನ್ನು ಘಮವಿಲ್ಲದ ಬೇರೆ ಆಮ್ಲವಾಗಿ ಒಡೆದು ಹಾಕುತ್ತದೆ. ಅಷ್ಟರೊಳಗೆ ಟ್ಯಾಂಕಿನಿಂದ ಇಳಿಸಿ, ಜೀವಿಗಳನ್ನು ಬೇರ್ಪಡಿಸಿಬಿಡಬೇಕು.

“ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಟ್ಯಾಂಕಿಗೆ ಹಾಕಿದೀನಿ, ನಾಳೆ ಬೆಳಿಗ್ಗೆ ಆರಕ್ಕೆ ಇಳಿಸ್ತೀನಿ ಸರ್.”

“ಬೇಡ. ಅವರು ಬರೋದು ಹನ್ನೊಂದಕ್ಕೆ. ಅವರ ಮೂಗಿನ ಮುಂದೇನೇ ಮುಚ್ಚಳ ತೆಗೀಬೇಕು. ಇಟ್ಟಷ್ಟೂ ಘಮ ಜಾಸ್ತಿ ಆಗುತ್ತೆ.”

“ಇದು ಉಪ್ಪಿನಕಾಯಿ ಅಲ್ಲ ಸರ್, ಇಟ್ಟಷ್ಟೂ ಹದ ಬರೋಕೆ.”

“ಹೇಳಿದಷ್ಟು ಮಾಡು.”

ಹೇಳಿದಷ್ಟು ಮಾಡಿದೆ. ಜೊತೆಗೆ ಆರು ಗಂಟೆಗೆ ಸರಿಯಾಗಿ ಅರ್ಧ ಲೀಟರ್ ಇಳಿಸಿ, ಜೀವಿಗಳನ್ನು ಬೇರ್ಪಡಿಸಿ, ಬಾಟಲಿಗೆ ನನ್ನ ಹೆಸರು ಮತ್ತು ಹೊತ್ತು ಬರೆದು ಫ್ರಿಜ್ಜಿನಲ್ಲಿಟ್ಟೆ.

ಹತ್ತು ಗಂಟೆಗೆ ಟ್ಯಾಂಕಿನ ಮುಚ್ಚಳ ತೆಗೆದರೆ ಹಳಸಿದ ಗಂಜಿಯ ವಾಸನೆ. ಭಾವ ಬಗ್ಗಿ ಮೂಸಿದ, ನನ್ನ ಮುಖ ನೋಡಿದ, ಕಾರು ಹತ್ತಿ ಹೋದ. ಅರ್ಧ ಗಂಟೆಯಲ್ಲಿ ವಾಪಸು ಬಂದು, ನನ್ನನ್ನು ಕುರ್ಚಿ ಜೋಡಿಸಲು ಕಳಿಸಿದ. ನಾನು ಮರಳುವಷ್ಟರಲ್ಲಿ ಕೋಣೆಯೆಲ್ಲ ಘಮಘಮ! ಅಷ್ಟರಲ್ಲೇ ಅಕ್ಕನ ಫೋನು.

“ಏ, ಕೇಕಿಗೆ ಅಂತ ತಂದಿಟ್ಟ ಎಸೆನ್ಸ್ ಬಾಟ್ಲಿ ಕಾಣ್ತಿಲ್ಲ ಕಣೇ. ನೀನೇನಾದ್ರೂ ತಗೊಂಡ್ಯಾ?”

“ಇಲ್ಲ ಅಕ್ಕ. ಎಲ್ಲಿದೆ ಅಂತ ಗೊತ್ತಾಯ್ತು ಬಿಡು.”

ನನಗೆ ಕೋಪವೂ ಬರಲಿಲ್ಲ, ಅಸಹ್ಯವಾಯಿತು. ಕಳ್ಳತನಕ್ಕಾದರೂ ಒಂದಿಷ್ಟು ಬುದ್ಧಿ ಬೇಡವೇ?

ಕಾರ್ಖಾನೆಯಿಂದ ಬಂದ ಪರೀಕ್ಷಕಿ ನರೆಗೂದಲಿನ, ಮಿತಭಾಷಿ ಹೆಂಗಸು. ಭಾವ ಮುಚ್ಚಳ ತೆಗೆದು, “ಹೇಗಿದೆ ಮೇಡಂ ಘಮ?” ಎಂದು ಬೀಗಿದ. ಆಕೆ ಮೂಸಲೇ ಇಲ್ಲ. ಒಂದು ಹನಿ ತೆಗೆದು, ದ್ರವದಲ್ಲಿ ಏನೇನಿದೆ ಎಂದು ಬಿಡಿಸಿ ತೋರಿಸುವ ನಮ್ಮದೇ ಯಂತ್ರಕ್ಕೆ ಹಾಕಿದರು. ಪರದೆಯ ಮೇಲಿನ ಗೆರೆಯಲ್ಲಿ ಎರಡು ಶಿಖರಗಳು ಎದ್ದವು.

“ಮೊದಲನೇದು ವೆನಿಲಿನ್,” ಅಂದರು. “ಎರಡನೇದು ಎಥೈಲ್ ವೆನಿಲಿನ್. ಇದನ್ನ ನಿಮ್ಮ ಬ್ಯಾಕ್ಟೀರಿಯಾ ಮಾಡಲ್ಲ, ಅಂಗಡಿ ಎಸೆನ್ಸಿಗೆ ಬೆರೆಸ್ತಾರೆ. ಈ ಕೆಲಸ ಯಾರದು?”

ಭಾವ ಇಂಗು ತಿಂದ ಮಂಗನಂತೆ ನಿಂತ. ಆಮೇಲೆ ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಬಾರದ ಮಾತು ಅವನ ಬಾಯಿಂದ ಬಂತು.

“ಎಲ್ಲಾ ನನ್ನ ನಾದಿನಿದೇ ಮೇಡಂ. ನಾನು ಇದಕ್ಕೆ ಕೈ ಹಾಕಿದ್ದೇ ಇಲ್ಲ.”

ಫ್ರಿಜ್ಜಿನಿಂದ ಬಾಟಲಿ ತಂದು ಮೇಜಿನ ಮೇಲಿಟ್ಟೆ.

“ಹೌದು, ನಂದೇ. ಇದು ನಂದು. ಟ್ಯಾಂಕಲ್ಲಿ ಇರೋ ಘಮ ಮಾತ್ರ ಭಾವಂದು, ಅಕ್ಕನ ಅಡುಗೆಮನೆಯಿಂದ ಬಂದಿದ್ದು.”

ಪರೀಕ್ಷಕಿ ನನ್ನ ಬಾಟಲಿಯಿಂದ ಒಂದು ಹನಿ ಹಾಕಿದರು. ಎಥೈಲ್ ವೆನಿಲಿನ್ನಿನ ಜಾಗ ಬರಿದಾಗಿತ್ತು. ವೆನಿಲಿನ್ನಿನ ಶಿಖರ ಒಂದೇ ನೆಟ್ಟಗೆ ಎದ್ದು ನಿಂತಿತು. ಆಕೆ ಚೀಲದಿಂದ ಒಪ್ಪಂದದ ಹಾಳೆ ತೆಗೆದು, “ಹೆಸರು ಹೇಳಿ,” ಅಂದರು.

ಅಭ್ಯಾಸಬಲ! ಭಾವ ತನ್ನ ಹೆಸರನ್ನು ಹೇಳಲು ಶುರುಮಾಡಿಯೇಬಿಟ್ಟ.

“ನಿಮ್ಮದಲ್ಲ,” ಅಂದರು ಪರೀಕ್ಷಕಿ, ತಲೆಯೆತ್ತದೆ. ನಾನು ನನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.